ಹಳೆಯ ಪಿಕಪ್ಪಿನ ನೆಲ: ಜೀರ್ಣೋದ್ಧಾರವೋ, ಗುಜರಿಯೋ?

ಕಾಲು ಶತಮಾನ ದುಡಿದ ಪಿಕಪ್ ಗಾಡಿ. ಎಂಜಿನ್ನು ಇನ್ನೂ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆ, ಆದರೆ ಕ್ಯಾಬಿನ್ನಿನ ನೆಲವನ್ನು ತುಕ್ಕು ತಿಂದಿದೆ. ಆ ತಗಡನ್ನು ಕತ್ತರಿಸಿ ತೆಗೆದು ಹೊಸದನ್ನು ಬೆಸೆಯಬೇಕೆ, ಅಥವಾ ಗಾಡಿಯನ್ನೇ ಗುಜರಿಗೆ ಒಪ್ಪಿಸಬೇಕೆ? ಪರವಾಗಿ ಬರೆದವರು ಬಂಡೀಪಾಳ್ಯದ ಮಂಡಿಗೆ ಸ್ವಂತ ಗಾಡಿಯಲ್ಲಿ ತರಕಾರಿ ಸಾಗಿಸುವವರು. ವಿರೋಧವಾಗಿ ಬರೆದವರು ಕುವೆಂಪುನಗರದ ನಿವೃತ್ತ ಲೆಕ್ಕಪರಿಶೋಧಕರು.

ಪರ

ನಮ್ಮ ಊರಿಗೆ ಸಮುದ್ರವಿಲ್ಲ, ಉಪ್ಪುಗಾಳಿಯಿಲ್ಲ, ಮಂಗಳೂರಿನಂತೆ ತಿಂಗಳುಗಟ್ಟಲೆ ಎಡೆಬಿಡದೆ ಸುರಿಯುವ ಮಳೆಯೂ ಇಲ್ಲ. ಹೀಗಿದ್ದೂ ಮೈಸೂರಿನ ಹಳೆಯ ಪಿಕಪ್ಪುಗಳ ನೆಲ ಏತಕ್ಕೆ ಕೊಳೆಯುತ್ತದೆಂಬುದನ್ನು ತಿಳಿಯಬಯಸುವವರು ಆಯುಧಪೂಜೆಯ ಹಿಂದಿನ ಸಂಜೆ ಯಾವುದಾದರೊಂದು ವಾಟರ್ ಸರ್ವೀಸಿನ ಮುಂದೆ ಅರ್ಧ ಗಂಟೆ ನಿಂತು ನೋಡಬೇಕು. ವರ್ಷವಿಡೀ ಧೂಳನ್ನು ಹೊತ್ತು ತಿರುಗಿದ ಗಾಡಿಗೆ ಅಂದು ಅಭ್ಯಂಜನ. ಹೊರಗಣ ಮೈ ತೊಳೆದು ತೃಪ್ತಿಯಾಗದೆ ಒಡೆಯನು ಪೈಪನ್ನು ಕ್ಯಾಬಿನ್ನಿನೊಳಕ್ಕೂ ಹಾಯಿಸುತ್ತಾನೆ. ಆ ನೀರು ರಬ್ಬರ್ ಮ್ಯಾಟಿನ ಕೆಳಗೆ, ಅದರ ಕೆಳಗಣ ಗೋಣಿಯಂಥ ಪದರದೊಳಗೆ ಸೇರಿಕೊಳ್ಳುತ್ತದೆ. ಮರುದಿನ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಗಾಡಿಯನ್ನು ಮುಂದಕ್ಕೆ ಬಿಡುವಾಗ ಯಾರಿಗೂ ಆ ನೀರಿನ ನೆನಪಿರುವುದಿಲ್ಲ. ದೀಪಾವಳಿ ಬಂದರೂ ಅದು ಅಲ್ಲಿಯೇ ಇರುತ್ತದೆ. ದೇವರಿಗೆಂದು ಸಲ್ಲಿಸಿದ ಭಕ್ತಿಯಲ್ಲಿ ಅರ್ಧಪಾಲು ತುಕ್ಕಿಗೆ ನೈವೇದ್ಯವಾಗುತ್ತದೆ.

ಹಾಗೆ ಅಡಗಿ ಕುಳಿತ ನೀರಿನ ಪ್ರತಾಪ ನನಗೆ ತಿಳಿದುಬಂದುದು ಸಯ್ಯಾಜಿರಾವ್ ರಸ್ತೆಯ ಒಂದು ಕೆಂಪು ದೀಪದ ಮುಂದೆ. ಕ್ಲಚ್ಚಿನ ಮೇಲಿದ್ದ ಎಡಗಾಲಿನ ಹಿಮ್ಮಡಿಗೆ ಮ್ಯಾಟು ಕೊಳೆತ ಪಪ್ಪಾಯಿಯಂತೆ ಮೆತ್ತಗೆ ತಗುಲಿತು. ಮನೆಗೆ ಬಂದು ಎತ್ತಿ ನೋಡಿದರೆ ಅಂಗಳದ ಕಲ್ಲುಚಪ್ಪಡಿಯೂ ಅದರ ಮೇಲೆ ಮಲಗಿದ್ದ ಬೆಕ್ಕೂ ಕಂಡವು. ತೂತು ಒಂದು ರೂಪಾಯಿಯ ನಾಣ್ಯದಷ್ಟು. ಸ್ಕ್ರೂಡ್ರೈವರಿನಿಂದ ಅಂಚನ್ನು ಕೆದಕಿದೆ; ಅದು ಹಪ್ಪಳದಂತೆ ಮುರಿಯುತ್ತ ಮುರಿಯುತ್ತ ಹೋಗಿ, ಸುತ್ತಿಗೆಯಿಂದ ತಟ್ಟಿದರೆ ಟಣ್ಣೆನ್ನುವ ಗಟ್ಟಿ ತಗಡು ಸಿಕ್ಕುವ ವೇಳೆಗೆ ಊಟದ ತಟ್ಟೆಯಷ್ಟಗಲವಾಗಿತ್ತು.

ನೋಡಿದವರೆಲ್ಲರ ಬಾಯಲ್ಲಿಯೂ ಒಂದೇ ಮಾತು: ‘ಗುಜರಿಗೆ ಹಾಕಿಬಿಡಿ ಸ್ವಾಮಿ.’ ಹೀಗೆನ್ನುವವರಿಗೆ ಗಾಡಿಯ ಅಂಗರಚನೆಯ ಪರಿಚಯವಿಲ್ಲವೆಂದು ವಿನಯಪೂರ್ವಕವಾಗಿ ಅರಿಕೆಮಾಡಬೇಕಾಗಿದೆ. ಹಳೆಯ ಪಿಕಪ್ಪಿನ ಭಾರವನ್ನೆಲ್ಲ ಹೊರುವುದು ಚಾಸಿ: ಎರಡು ಉದ್ದನೆಯ ಉಕ್ಕಿನ ತೊಲೆ, ಅವುಗಳ ನಡುವೆ ಅಡ್ಡಪಟ್ಟಿಗಳು, ಒಟ್ಟಿನಲ್ಲಿ ಮಲಗಿಸಿದ ಏಣಿ. ಎಂಜಿನ್ನು, ಗೇರುಪೆಟ್ಟಿಗೆ, ಅಚ್ಚುಗಳು, ಸರಕಿನ ತೊಟ್ಟಿ ಎಲ್ಲವೂ ಆ ಏಣಿಯನ್ನೇ ಆಶ್ರಯಿಸಿಕೊಂಡಿರುವವು. ಕ್ಯಾಬಿನ್ನಾದರೋ ರಬ್ಬರ್ ಬುಷ್ಷುಗಳ ಮೇಲೆ ಕೆಲವು ಬೋಲ್ಟುಗಳಿಂದ ಕೂರಿಸಿದ ಪೆಟ್ಟಿಗೆ, ಮತ್ತು ಅದರ ನೆಲ ಹೆಚ್ಚುಕಡಿಮೆ ಒಂದು ಮಿಲಿಮೀಟರು ದಪ್ಪದ ತಗಡು. ಈಚಿನ ಕಾರುಗಳ ಸಂಗತಿ ಬೇರೆ. ಅಲ್ಲಿ ಪ್ರತ್ಯೇಕವಾದ ಚಾಸಿಯಿಲ್ಲದೆ ನೆಲವೇ ಬೆನ್ನೆಲುಬಾಗಿರುವುದರಿಂದ ಅದಕ್ಕೆ ತುಕ್ಕು ಹಿಡಿದರೆ ನಾನೂ ಚಿಂತಿಸುವೆನು. ಪಂಚೆ ಹರಿಯಿತೆಂದು ಮನುಷ್ಯನನ್ನು ಸ್ಮಶಾನಕ್ಕೆ ಹೊತ್ತವರನ್ನು ನಾನಂತೂ ಕಂಡಿಲ್ಲ.

ಆದರೆ ನೆಲ ಹಾಕಿಸುವುದೆಂದರೆ ಯಾವುದು ಎಂಬಲ್ಲಿಯೇ ಮರ್ಮವಿರುವುದು. ನನ್ನ ಗಾಡಿಯನ್ನು ಒಪ್ಪಿಸಿಕೊಂಡ ಟಿಂಕರು, ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಕೂರುವ ಅರವತ್ತರ ವಯಸ್ಸಿನವರು, ಮೊದಲ ದಿನ ಗ್ರೈಂಡರನ್ನು ಮುಟ್ಟಲೇ ಇಲ್ಲ. ಸೀಟುಗಳನ್ನು ಬಿಚ್ಚಿದರು, ಬ್ಯಾಟರಿಯ ತಂತಿ ಕಳಚಿದರು, ಡೀಸೆಲ್ ಕೊಳವೆಯನ್ನೂ ವೈರುಗಳನ್ನೂ ಕಿಡಿ ತಾಕದ ಹಾಗೆ ಪಕ್ಕಕ್ಕೆ ಕಟ್ಟಿದರು. ಆಮೇಲೆ ಬಾಗಿಲಿನ ಎರಡು ಕಂಬಗಳ ನಡುವೆ ಒಂದು ಕಬ್ಬಿಣದ ಸರಳನ್ನು ಅಡ್ಡಲಾಗಿ ಬೆಸೆದರು. ಇದೇತಕ್ಕೆಂದು ಕೇಳಿದೆ. ‘ಹೊಟ್ಟೆ ಕುಯ್ಯೋಕ್ ಮುಂಚೆ ಕೈಕಾಲು ಹಿಡ್ಕೊಬೇಕಲ್ವ ಸಾರ್, ಇಲ್ದಿದ್ರೆ ನಾಳೆ ನಿಮ್ ಡೋರು ಕೂರಲ್ಲ’ ಎಂದರು. ನೆಲವನ್ನು ಕತ್ತರಿಸಿದೊಡನೆ ಕ್ಯಾಬಿನ್ನು ಕೂದಲೆಳೆಯಷ್ಟು ಅರಳಿಕೊಂಡರೂ ಬಾಗಿಲು ಮತ್ತೆಂದಿಗೂ ಸರಿಯಾಗಿ ಮುಚ್ಚದೆಂಬ ಈ ವಿವೇಕವನ್ನು ಅವರು ಯಾವ ಗ್ರಂಥದಿಂದ ಪಡೆದವರೂ ಅಲ್ಲ. ಕತ್ತರಿಸುವಾಗಲೂ ತೂತಿನ ಅಂಚಿಗೆ ನಿಲ್ಲಲಿಲ್ಲ. ಹೊಳೆಯುವ ಕಬ್ಬಿಣ ಕಾಣುವವರೆಗೆ, ಅದಕ್ಕೂ ಎರಡು ಬೆರಳು ಆಚೆಗೆ ಕತ್ತರಿಸಿದರು. ತೆಗೆದ ತುಂಡನ್ನೇ ಮಾದರಿಯಾಗಿಟ್ಟು, ಅದರಲ್ಲಿದ್ದ ಉಬ್ಬುಗೆರೆಗಳನ್ನೂ ಬಿಡದೆ, 18 ಗೇಜಿನ ಶೀಟಿನಲ್ಲಿ ಹೊಸ ನೆಲವನ್ನು ಬಡಿದರು. ಉಬ್ಬುಗೆರೆ ಅಲಂಕಾರವಲ್ಲ; ಸಪಾಟಾದ ತಗಡು ಕಾಲಿಟ್ಟಾಗ ಡಬ್ಬದಂತೆ ಪುಟಿಯುತ್ತದೆ, ಗೆರೆಯಿದ್ದ ತಗಡು ಬಿಗಿದು ನಿಲ್ಲುತ್ತದೆ. ಬೆಸುಗೆಯೂ ಒಂದೇ ಓಟದಲ್ಲಿ ಆಗಲಿಲ್ಲ. ಇಲ್ಲೊಂದು ಚುಕ್ಕೆ, ಅದರ ಎದುರು ಮೂಲೆಯಲ್ಲೊಂದು ಚುಕ್ಕೆ, ನಡುವೆ ಒಂದು ಬೀಡಿ. ಕಾವು ಒಂದೆಡೆ ಸೇರಿದರೆ ತಗಡು ಸೊಟ್ಟಗಾಗುತ್ತದೆ. ಕೊನೆಗೆ ಕೂಡುಗೆರೆಗೆಲ್ಲ ಸೀಲರ್ ತುಂಬಿ, ಮೇಲೂ ಕೆಳಗೂ ರೆಡ್ ಆಕ್ಸೈಡ್ ಬಳಿದು, ಅಡಿಭಾಗಕ್ಕೆ ಕಪ್ಪು ಲೇಪನವನ್ನು ಹೊಡೆದು, ನೀರಿಳಿಯುವ ಕಿಂಡಿಗಳನ್ನು ಬೆರಳು ತೂರಿಸಿ ತೋರಿಸಿದರು.

ಇದಕ್ಕೆ ಪ್ರತಿಯಾಗಿ ‘ಮೇಲೊಂದು ತಗಡು ಕೂರಿಸಿ ರಿವೆಟ್ ಹೊಡೆದುಬಿಡೋಣ’ ಎಂಬ ಪರಂಪರೆಯೊಂದಿದೆ. ನೆಲ ಹಾಕಿಸುವುದಕ್ಕೆ ಕೆಟ್ಟ ಹೆಸರು ತಂದದ್ದು ಅದೇ. ತುಕ್ಕಿನ ಮೇಲೆ ಹೊದಿಸಿದ ತಗಡು ಎರಡು ಪದರಗಳ ನಡುವೆ ನೀರಿಗೆ ತಂಪಾದ ಕೋಣೆಯನ್ನು ಕಟ್ಟಿಕೊಡುತ್ತದೆ. ತುಕ್ಕಾದರೋ ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡುವ ವಸ್ತುವಾದುದರಿಂದ ಒಳಗೊಳಗೇ ಉಬ್ಬಿ ರಿವೆಟ್ಟನ್ನೂ ಕಿತ್ತೊಗೆಯುತ್ತದೆ. ನನ್ನ ಗಾಡಿಗೆ ಈಗ ಹಾಕಿಸಿದ ನೆಲ ಎರಡನೆಯದೆಂಬುದನ್ನು ಮುಚ್ಚಿಡಲಾರೆ. ಏಳು ವರ್ಷಗಳ ಹಿಂದೆ, ಖರ್ಚಿಗೆ ಅಂಜಿ, ನಾನೇ ಒಮ್ಮೆ ಆ ಪಾಪವನ್ನು ಮಾಡಿಸಿದ್ದೆ.

ಕಬ್ಬಿಣ ಅಲ್ಪಾಯುವೆಂದು ಹೇಳುವವರು ಅರಮನೆಯ ಕಲ್ಯಾಣಮಂಟಪಕ್ಕೆ ಹೋಗಿ ನೋಡಲಿ. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಎದ್ದು 1912ರಲ್ಲಿ ಮುಗಿದ ಈ ಅರಮನೆಯಲ್ಲಿ ಗ್ಲಾಸ್ಗೋದಿಂದ ಎರಕವಾಗಿ ಬಂದ ಬೀಡುಕಬ್ಬಿಣದ ಕಂಬಗಳು ಇಂದಿಗೂ ನೆಟ್ಟಗೆ ನಿಂತಿವೆ. ಏಕೆಂದರೆ ಅವುಗಳಿಗೆ ಬಣ್ಣ ಬಳಿಯುವವರಿದ್ದಾರೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕುಗಳನ್ನು ಮಾಡಲಾರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಜುಲೈ ತಿಂಗಳ ಎರಡನೆಯ ಭಾನುವಾರ ಬಂದರೆ ಅಲ್ಲಿ ಹುಟ್ಟಿದ ಬೈಕುಗಳು ಈಗಲೂ ಬೀದಿ ನಡುಗಿಸುತ್ತ ಸಾಲುಗಟ್ಟುತ್ತವೆ. ಅವುಗಳ ಟ್ಯಾಂಕಿಗೂ ಮಡ್‌ಗಾರ್ಡಿಗೂ ತುಕ್ಕು ಹಿಡಿಯಲಿಲ್ಲವೆ? ಹಿಡಿಯಿತು; ತೆಗೆದರು. ಇದೇ ಊರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗವೊಂದು 2012ರ ಆಗಸ್ಟಿನಲ್ಲಿಯೂ ದೇವರಾಜ ಮಾರುಕಟ್ಟೆಯ ಭಾಗವೊಂದು 2016ರ ಆಗಸ್ಟಿನಲ್ಲಿಯೂ ಕುಸಿದ ಬಳಿಕ ಕೆಡಹಬೇಕೋ ದುರಸ್ತಿಮಾಡಬೇಕೋ ಎಂದು ನಾವು ವರುಷಗಟ್ಟಲೆ ಚರ್ಚಿಸಿದೆವು. ಕುಸಿಯುವುದಕ್ಕೆ ಮುಂಚೆ ಅಷ್ಟೇ ಹುರುಪಿನಿಂದ ಛಾವಣಿಗೆ ಹತ್ತಿ ನೀರು ಎಲ್ಲಿ ನಿಲ್ಲುತ್ತದೆಂದು ನೋಡಲಿಲ್ಲ.

ಇನ್ನು ಖರ್ಚಿನ ಮಾತು. ಎಷ್ಟಾಯಿತೆಂದು ಮನೆಯಲ್ಲಿಯೇ ಹೇಳಿಲ್ಲ; ಇಲ್ಲಿ ಹೇಳಲಾರೆ. ಹೊಸ ಗಾಡಿಯ ಮಾಸಿಕ ಕಂತಿಗಿಂತ ಕಡಿಮೆಯೆಂದು ಹೇಳಲು ಮನಸ್ಸಾಗುತ್ತದೆ, ಆದರೆ ಅದು ನಿಜವಾಗಬೇಕಾದರೆ ಕೆಲವು ಕಂತುಗಳನ್ನು ಕೂಡಿಸಿಕೊಳ್ಳಬೇಕು. ಗಾಡಿಯೀಗ ಮಂಡಿಗೆ ಹೋಗಿಬರುತ್ತಿದೆ, ಬಾಗಿಲು ಒಂದೇ ಬೆರಳಿನ ನೂಕಿಗೆ ಕೂರುತ್ತದೆ, ಮತ್ತು ಈ ಸಲದ ಆಯುಧಪೂಜೆಯಲ್ಲಿ ಕ್ಯಾಬಿನ್ನಿನೊಳಗೆ ಪೈಪು ಹಿಡಿಯಲು ಬಂದ ಹುಡುಗನ ಕೈಯಿಂದ ನಾನೇ ಪೈಪನ್ನು ಕಿತ್ತುಕೊಂಡೆ.

ವಿರೋಧ

ಸಂಪಾದಕರು ನಿನ್ನೆ ಸಂಜೆ ದೂರವಾಣಿಯಲ್ಲಿ, ವಿರೋಧವಾಗಿ ಬರೆಯಲೊಪ್ಪಿದ್ದವರು ಊರಿನಲ್ಲಿಲ್ಲವೆಂದೂ, ನಾಳೆ ಮಧ್ಯಾಹ್ನದೊಳಗೆ ನಾಲ್ಕು ಅಂಶಗಳನ್ನಾದರೂ ಕೊಡಬೇಕೆಂದೂ ಕೇಳಿಕೊಂಡುದರಿಂದ ಈ ಬರೆಹ. ಪರವಾಗಿ ಬರೆಯುವವರು ಯಾರೆಂದು ತಿಳಿಸಲಿಲ್ಲ. ಅವರು ಭಾವುಕರಾಗಿರುವರೆಂದು ಊಹಿಸುವುದು ಕಷ್ಟವಲ್ಲ.

ಮೊದಲನೆಯದು, ಹಣ. ನೆಲದ ಕೆಲಸವೆಂದು ಆರಂಭವಾದದ್ದು ನೆಲದಲ್ಲಿ ನಿಲ್ಲುವುದಿಲ್ಲವೆಂಬುದು ಬಿಲ್ಲುಗಳನ್ನು ನೋಡುತ್ತ ಆಯುಷ್ಯ ಕಳೆದ ನನ್ನ ಅನುಭವ. ನೆಲ ಬಿಚ್ಚಿದ ಮೇಲೆ ಬಾಗಿಲ ಹೊಸ್ತಿಲೂ ಹೋಗಿದೆಯೆಂದು ತಿಳಿಯುತ್ತದೆ. ಹೊಸ್ತಿಲು ಕತ್ತರಿಸಿದ ಮೇಲೆ ಕ್ಯಾಬಿನ್ನು ಕೂರುವ ಬ್ರ್ಯಾಕೆಟ್ಟು. ಅದು ಮುಗಿದ ಮೇಲೆ, ಇಷ್ಟೆಲ್ಲ ಆಗಿದೆಯಲ್ಲ, ಬಣ್ಣವನ್ನೂ ಹೊಡೆಸಿಬಿಡೋಣವೆಂಬ ಮಾತು. ಗಾಡಿ ಶೆಡ್ಡಿನಲ್ಲಿದ್ದಷ್ಟು ದಿನವೂ ದುಡಿಮೆಯಿಲ್ಲ. ಕೊನೆಗೆ ಮಾರಲು ಹೋದರೆ ಕೊಳ್ಳುವವನು ಮಾದರಿ ಯಾವ ವರ್ಷದ್ದೆಂದು ಕೇಳುವನೇ ಹೊರತು ನೆಲ ಎಷ್ಟು ಗೇಜಿನದೆಂದು ಕೇಳಲಾರ.

ಎರಡನೆಯದು, ಕಾನೂನು. ಎಂಟು ವರ್ಷ ದಾಟಿದ ಸರಕುವಾಹನಕ್ಕೆ ಪ್ರತಿ ವರ್ಷವೂ ಯೋಗ್ಯತಾ ಪರೀಕ್ಷೆ, ಅಂದರೆ ಎಫ್‌ಸಿ ಆಗಬೇಕು. ಹಳೆಯ ವಾಹನಗಳ ಶುಲ್ಕ 2022ರ ಏಪ್ರಿಲಿನಿಂದ ಏರಿದೆ. ಕೇಂದ್ರ ಸರ್ಕಾರವು ಗುಜರಿ ನೀತಿಯನ್ನು 2021ರ ಆಗಸ್ಟ್ 13ರಂದು ಪ್ರಕಟಿಸಿತು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವಂತಿಲ್ಲ. ಸರ್ಕಾರವೇ ತನ್ನ ಮುದಿ ಜೀಪುಗಳನ್ನು ಕೈಬಿಟ್ಟಿರುವಾಗ ನಾವು ಅಪ್ಪಿಕೊಂಡಿರುವುದೇಕೆ? ನಮ್ಮಂಥ ಖಾಸಗಿಯವರ ಗಾಡಿಗೆ ಆ ಕಟ್ಟಳೆ ಅನ್ವಯಿಸುವುದಿಲ್ಲ, ಪರೀಕ್ಷೆಯಲ್ಲಿ ತೇರ್ಗಡೆಯಾದಷ್ಟು ಕಾಲ ಓಡಿಸಬಹುದೆಂಬುದು ನಿಜ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ನೋಡಬೇಕಷ್ಟೆ.

ಮೂರನೆಯದು, ಸುರಕ್ಷತೆ. ಸೀಟು ನಿಂತಿರುವುದೂ ನೆಲದ ಬೋಲ್ಟುಗಳ ಮೇಲೆಯೇ. ಆ ನೆಲ ಕೊಳೆತಿದ್ದರೆ ಬ್ರೇಕು ಹಾಕಿದಾಗ ಚಾಲಕನು ಸೀಟಿನ ಸಮೇತ ಮುಂದಕ್ಕೆ ಬರುವನು. ಸೈಲೆನ್ಸರಿನ ಹೊಗೆ ತೂತಿನ ಮೂಲಕ ಒಳನುಗ್ಗಿ ತಲೆಸುತ್ತು ಬರುವುದುಂಟು, ಕಿಟಕಿ ಮುಚ್ಚಿ ಎಂಜಿನ್ನು ಓಡುತ್ತಿರುವಂತೆಯೇ ಮಲಗಿದವನಿಗೆ ಪ್ರಾಣಾಪಾಯವೂ ಉಂಟು. ಇದು ನೆಲವನ್ನು ಬದಲಿಸಬೇಕೆಂಬುದಕ್ಕೇ ಕಾರಣವಾಯಿತಲ್ಲವೆ ಎಂದು ಬರೆಯುತ್ತಿರುವಾಗ ಹೊಳೆಯುತ್ತಿದೆ. ಇರಲಿ, ಹೊಸ ಗಾಡಿಯಾದರೆ ಈ ಪ್ರಶ್ನೆಯೇ ಏಳುವುದಿಲ್ಲ.

ನಾಲ್ಕನೆಯದು, ಹೊಗೆ. ಹಳೆಯ ಡೀಸೆಲ್ ಎಂಜಿನ್ನು ಹೊಸದಕ್ಕಿಂತ ಹೆಚ್ಚು ಕಪ್ಪು ಕಾರುತ್ತದೆ. ನೆಲವನ್ನು ಬಂಗಾರದಲ್ಲಿ ಹಾಕಿಸಿದರೂ ಅದು ತಪ್ಪದು.

ಹಳೆಯದರ ಮೇಲೆ ಅಷ್ಟು ಅಕ್ಕರೆಯಿರುವವರು ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಹೆಗ್ಗಡೆಯವರ ಸಂಗ್ರಹದಿಂದ ಆಗಿರುವ ‘ಪಯಣ’ ವಸ್ತುಸಂಗ್ರಹಾಲಯಕ್ಕೆ ಹೋಗಿ ಕಣ್ತುಂಬ ನೋಡಿಕೊಂಡು ಬರಬಹುದು. ಅಲ್ಲಿಯ ವಾಹನಗಳನ್ನೂ ಯಾರೋ ದುರಸ್ತಿಮಾಡಿಯೇ ಇಟ್ಟಿರಬೇಕಲ್ಲವೆ ಎಂದರೆ, ಹೌದು. ಅವು ಮೂಲಂಗಿ ಸಾಗಿಸುವುದಿಲ್ಲ.

ಚಾಸಿ ಗಟ್ಟಿಯಾಗಿದ್ದು, ಕೊಳೆತಿರುವುದು ಕಾಲಿಡುವ ಜಾಗವೊಂದೇ ಆಗಿದ್ದು, ಒಡೆಯನಿಗೆ ಹೊಸ ಸಾಲದ ಹೊರೆ ಹೊರಲು ಶಕ್ತಿಯಿಲ್ಲದಿದ್ದರೆ ಹೊಸ ತಗಡು ಹಾಕಿಸುವುದನ್ನು ನಾನು ವಿರೋಧಿಸಲಾರೆ. ಇಷ್ಟನ್ನು ಬಿಟ್ಟುಕೊಟ್ಟ ಮೇಲೆ ನನ್ನ ಪಕ್ಷದಲ್ಲಿ ಉಳಿದುದೇನೆಂದರೆ, ಹಿಂದಿನ ತೊಟ್ಟಿ. ಅದರ ನೆಲಕ್ಕೂ ಹೊಸ ಶೀಟು ಹಾಕಿಸುವುದು ಸರ್ವಥಾ ದುಂದು. ಗೊಬ್ಬರವೂ ಮೀನಿನ ಐಸುನೀರೂ ಬೀಳುವ ಜಾಗಕ್ಕೆ ಎಂಥ ಶೀಟೂ ನಿಲ್ಲದು. ಹಿಂದಿನ ಲಾರಿಗಳಲ್ಲಿ ಇದ್ದಂತೆ ಅಲ್ಲಿಗೆ ಮರದ ಹಲಗೆ ಹಾಸಿದರೆ ಸಾಕು. ನಮ್ಮ ತಂದೆಯವರ ಗಾಡಿಗೆ ಹಾಗೆಯೇ ಮಾಡಿಸಿದ್ದೆವು. ಹಲಗೆ ಹಲಗೆಯ ನಡುವೆ ಕಿರುಬೆರಳಷ್ಟು ಸಂದು ಬಿಡಬೇಕು, ಕೆಳಗಣ ಅಡ್ಡಪಟ್ಟಿಗಳಿಗೆ ಮೊದಲೇ ರೆಡ್ ಆಕ್ಸೈಡ್ ಬಳಿಸಿರಬೇಕು.