ನಮ್ಮ ಒಂಟಿತನಕ್ಕೆ ನಾಯಿ, ನಾಯಿಯ ಒಂಟಿತನಕ್ಕೆ ಯಾರು?

ನಮ್ಮ ಉಡುಪಿಯವರೇ ಆದ, ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಎಂಜಿನಿಯರಿಂಗ್ ಓದಿದ ರಕ್ಷಿತ್ ಶೆಟ್ಟಿ ನಟಿಸಿದ ‘777 ಚಾರ್ಲಿ’ ಸಿನಿಮಾ 2022ರ ಜೂನ್ 10ರಂದು ತೆರೆಗೆ ಬಂತು. ನಿರ್ದೇಶಕ ಕಿರಣ್‌ರಾಜ್ ಕೆ. ಕಾಸರಗೋಡಿನವರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಈ ಸಿನಿಮಾ ನೋಡಿ ಅತ್ತಿದ್ದು ಸುದ್ದಿಯಾಗಿತ್ತು. ಅವರ ಮನೆಯ ನಾಯಿ ಸನ್ನಿ ಹಿಂದಿನ ವರ್ಷವಷ್ಟೇ ತೀರಿಕೊಂಡಿತ್ತು. ಮುಂದೆ ಅತ್ಯುತ್ತಮ ಕನ್ನಡ ಚಿತ್ರ ಎಂಬ ರಾಷ್ಟ್ರ ಪ್ರಶಸ್ತಿಯೂ ಅದಕ್ಕೆ ಸಿಕ್ಕಿತು.

ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡ ಧರ್ಮ ಯಾರೊಂದಿಗೂ ಬೆರೆಯದ ಫ್ಯಾಕ್ಟರಿ ಕೆಲಸಗಾರ. ಅವನ ಬದುಕಿಗೆ ಒಂದು ಲ್ಯಾಬ್ರಡಾರ್ ನಾಯಿ ಬರುತ್ತದೆ. ಮೊದಮೊದಲು ಅದನ್ನು ದೂರ ಮಾಡಲು ನೋಡುವ ಅವನೇ, ಅದಕ್ಕೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಬೈಕಿನ ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಹಿಮ ತೋರಿಸಲು ಹೊರಡುತ್ತಾನೆ. ಈ ಕತೆಯಿಂದ ನಮ್ಮಲ್ಲಿ ಹಲವರು ತೆಗೆದುಕೊಂಡ ಪಾಠ ‘ಒಂಟಿಯಾಗಿದ್ದರೆ ಒಂದು ನಾಯಿ ಸಾಕಬೇಕು’ ಎಂಬುದು. ಆದರೆ ಧರ್ಮ ಒಂಟಿತನ ಕಳೆಯಲೆಂದು ನಾಯಿ ಕೊಂಡು ತಂದವನಲ್ಲ. ತಾನಾಗಿ ಬಂದ ನಾಯಿಗಾಗಿ ತನ್ನ ದಿನಚರಿಯನ್ನೇ ಬದಲಿಸಿಕೊಂಡವನು. ಈ ಎರಡಕ್ಕೂ ಇರುವ ವ್ಯತ್ಯಾಸದ ಬಗ್ಗೆ ನಾವು ಮಾತಾಡುವುದು ಕಡಿಮೆ.

ಒಬ್ಬರೇ ಇರುವವರು ನಾಯಿ ಸಾಕಿದರೆ ಗೇಲಿ ಮಾಡುವವರಿಗೇನೂ ಕೊರತೆಯಿಲ್ಲ. ‘ಮದುವೆ ಇಲ್ಲ, ಮಕ್ಕಳಿಲ್ಲ, ನಾಯಿಯನ್ನೇ ಮಗು ಮಾಡಿಕೊಂಡಿದ್ದಾರೆ’ ಎಂಬ ಮಾತು ನಮ್ಮೂರಲ್ಲಿ ಈಗಲೂ ಉಂಟು. ಕಾರ್ಕಳದಲ್ಲಿ ನಮ್ಮ ಅಜ್ಜಿಮನೆ ಪಕ್ಕ ನಿವೃತ್ತ ಮೇಷ್ಟ್ರೊಬ್ಬರು ಒಬ್ಬರೇ ಇದ್ದಾರೆ. ಜೊತೆಗೆ ಒಂದು ಊರ ನಾಯಿ. ಅವರು ಒಮ್ಮೆ ಹೇಳಿದರು: “ನಾನೊಬ್ಬನೇ ಆದರೆ ಒಲೆ ಹಚ್ಚುವುದು ಯಾಕೆ ಅಂತ ಅವಲಕ್ಕಿ ತಿಂದು ಮಲಗುತ್ತಿದ್ದೆ ಮಾರಾಯ. ಇವನಿಗೆ ಗಂಜಿ ಬೇಕಲ್ಲ, ಹಾಗಾಗಿ ನನಗೂ ಗಂಜಿ ಆಗ್ತದೆ.” ಕಾಪುವಿನಲ್ಲಿರುವ ನನ್ನ ದೊಡ್ಡಮ್ಮನ ಕತೆಯೂ ಹೆಚ್ಚುಕಡಿಮೆ ಇದೇ. ಮಗ ಮುಂಬೈಗೆ ಬಾ ಎಂದು ಕರೆದಾಗಲೆಲ್ಲ ಅವರ ಉತ್ತರ ಒಂದೇ: “ಟಾಮಿಯನ್ನು ಯಾರು ನೋಡಿಕೊಳ್ಳುವುದು?” ಮನೆಯಲ್ಲಿ ಕೆಲವರು ಇದನ್ನು ಹಠ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ‘ನಾನಿಲ್ಲದಿದ್ದರೆ ಇದಕ್ಕೆ ಆಗುವುದಿಲ್ಲ’ ಎಂಬ ಒಂದು ಜೀವ ಮನೆಯಲ್ಲಿದ್ದರೆ ಬೆಳಿಗ್ಗೆ ಏಳಲು ಒಂದು ಕಾರಣ ಇರುತ್ತದೆ.

ಇದು ಬರೀ ಭಾವುಕತೆಯೂ ಅಲ್ಲ. 2015ರಲ್ಲಿ ಜಪಾನಿನ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಯಿ ಮತ್ತು ಸಾಕಿದವರು ಹೆಚ್ಚು ಹೊತ್ತು ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಹಾರ್ಮೋನಿನ ಪ್ರಮಾಣ ಏರುವುದು ಕಂಡುಬಂತು. ತಾಯಿ ಮಗುವಿನ ಬಾಂಧವ್ಯದಲ್ಲಿ ಕೆಲಸ ಮಾಡುವ ಹಾರ್ಮೋನೇ ಅದು. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಮಾತ್ರ ಇದು ಕಾಣಲಿಲ್ಲ. ಇಲ್ಲಿ ನಾವು ಗಮನಿಸಬೇಕಾದ್ದು ‘ಇಬ್ಬರಲ್ಲೂ’ ಎಂಬ ಪದವನ್ನು. ನಂಟು ನಮ್ಮ ಕಡೆಯಿಂದ ಮಾತ್ರ ಬೆಳೆಯುವುದಿಲ್ಲ. ಹಾಗಾಗಿ ಅದು ಕಡಿದಾಗ ನೋವು ನಮಗೊಬ್ಬರಿಗೇ ಆಗುವುದೂ ಇಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಮಣಿಪಾಲದ ಬಾಡಿಗೆ ಫ್ಲ್ಯಾಟುಗಳಲ್ಲಿ ಮನೆಯಿಂದ ದೂರ ಬಂದ ವಿದ್ಯಾರ್ಥಿಗಳಿದ್ದಾರೆ, ಮೊದಲ ಕೆಲಸಕ್ಕೆ ಸೇರಿದವರಿದ್ದಾರೆ. ಸಂಜೆ ರೂಮಿಗೆ ಬಂದರೆ ಮಾತಾಡಲು ಯಾರೂ ಇಲ್ಲ. ಮರಿ ತರೋಣ ಅನ್ನಿಸುವುದು ಸಹಜ. ಮೊದಲ ತಿಂಗಳು ಫೋಟೊ, ರೀಲ್ಸ್, ಗೆಳೆಯರ ದಂಡು. ಆಮೇಲೆ ಇಂಟರ್ನಲ್ಸ್, ಲ್ಯಾಬ್, ಪ್ರಾಜೆಕ್ಟ್, ಇಂಟರ್ನ್‌ಶಿಪ್. ಬೆಳಿಗ್ಗೆ ಎಂಟಕ್ಕೆ ಹಾಕಿದ ಬಾಗಿಲು ತೆರೆಯುವುದು ಸಂಜೆ ಆರಕ್ಕೆ. ಅಷ್ಟು ಹೊತ್ತೂ ಬಾಗಿಲ ಹಿಂದೆ ಆ ಮರಿ ಒಂದೇ. ನಮ್ಮ ಒಂಟಿತನವನ್ನು ನಾವು ಅದರ ತಲೆಗೆ ಕಟ್ಟಿದ ಹಾಗಾಯಿತಲ್ಲವೇ? ಕೋರ್ಸ್ ಮುಗಿದು ಗಂಟುಮೂಟೆ ಕಟ್ಟುವ ದಿನವಂತೂ ಇನ್ನೂ ಕಷ್ಟದ್ದು. ನಾನು ಬಸ್ಸಿಗೆ ಕಾಯುವ ಜಾಗದಲ್ಲಿ ಕುತ್ತಿಗೆಗೆ ಹಳೆಯ ಬೆಲ್ಟ್ ಇರುವ ಒಂದು ಲ್ಯಾಬ್ರಡಾರ್ ತಿರುಗಾಡುತ್ತಿರುತ್ತದೆ. ಬ್ಯಾಗ್ ಹಾಕಿಕೊಂಡ ಹುಡುಗರು ಕಂಡರೆ ಸಾಕು, ಎದ್ದು ಬಂದು ಮೂಸಿ ನೋಡಿ ಮತ್ತೆ ಹೋಗಿ ಮಲಗುತ್ತದೆ.

ಲೆಕ್ಕ ಸುಲಭದ್ದೇ. ಬಿಇ 4 ವರ್ಷದ್ದು. ಲ್ಯಾಬ್ರಡಾರ್ ನಾಯಿಯ ಆಯಸ್ಸು ಸುಮಾರು 10ರಿಂದ 12 ವರ್ಷ. ಇಪ್ಪತ್ತಕ್ಕೆ ಮರಿ ತಂದವರು ಮೂವತ್ತು ದಾಟುವವರೆಗೆ ಅದರ ಜವಾಬ್ದಾರಿ ಹೊತ್ತ ಹಾಗೆ. ಅಷ್ಟರೊಳಗೆ ಎರಡು ಮೂರು ಕೆಲಸ, ಊರು ಬದಲಾವಣೆ, ಬಹುಶಃ ಮದುವೆ, ಕೆಲವರಿಗೆ ವಿದೇಶ. ಪ್ರತಿ ತಿರುವಿನಲ್ಲೂ ನಾಯಿಗೆ ಜಾಗ ಇದೆಯೇ ಎಂಬ ಪ್ರಶ್ನೆ ಬರುತ್ತದೆ.

ಕಾನೂನು ಇದನ್ನೆಲ್ಲ ನೋಡಿಕೊಳ್ಳುತ್ತದೆ ಅನ್ನುವ ಹಾಗೂ ಇಲ್ಲ. ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಒಳ್ಳೆಯ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೂ ಸಾಲದ ಮೊತ್ತ ಇದು. ನಾಯಿಯನ್ನು ಕಾಯುವುದು ಕಾಯ್ದೆಗಿಂತ ಹೆಚ್ಚಾಗಿ ಸಾಕಿದವರ ಮನಸ್ಸೇ.

ಆ ಮನಸ್ಸು ಹೇಗಿರಬೇಕು ಎಂಬುದನ್ನು ನಮ್ಮ ಮಹಾಭಾರತ ಎಂದೋ ಹೇಳಿದೆ. ಮಹಾಪ್ರಸ್ಥಾನದಲ್ಲಿ ದ್ರೌಪದಿ, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದು ಧರ್ಮರಾಯ ಒಂಟಿಯಾದಾಗ ಜೊತೆಗೆ ಉಳಿದದ್ದು ಒಂದು ನಾಯಿ. ಅದನ್ನು ಬಿಟ್ಟು ರಥ ಹತ್ತು ಎಂದು ಇಂದ್ರ ಕರೆದರೆ ಅವನು ಒಪ್ಪಲಿಲ್ಲ. ನಂಬಿ ಬಂದದ್ದನ್ನು ಬಿಟ್ಟು ಸಿಗುವ ಸ್ವರ್ಗವೂ ಅವನಿಗೆ ಬೇಡವಾಗಿತ್ತು. ನಮ್ಮ ಕಾಲದ ಸ್ವರ್ಗಕ್ಕೆ ಪ್ಯಾಕೇಜ್, ವೀಸಾ, ಬೆಂಗಳೂರು ಎಂಬ ಹೆಸರುಗಳಿವೆ. ಪ್ರಶ್ನೆ ಮಾತ್ರ ಅದೇ.

ಹಾಗಾದರೆ ಒಂಟಿಯಾಗಿರುವವರು ನಾಯಿ ಸಾಕಲೇಬಾರದೇ? ಖಂಡಿತ ಸಾಕಬಹುದು. ಮೇಷ್ಟ್ರಿಗೂ ದೊಡ್ಡಮ್ಮನಿಗೂ ಸಮಯ ಇದೆ, ನಿಂತ ನೆಲ ಇದೆ. ನಮಗೆ ಅವೆರಡೂ ಇವೆಯೇ ಎಂದು ಮೊದಲು ನೋಡಿಕೊಳ್ಳಬೇಕು. ನಾನು ಊರಲ್ಲಿಲ್ಲದಾಗ ನೋಡಿಕೊಳ್ಳುವವರು ಯಾರು? ಲಸಿಕೆಗೆ, ಕಾಯಿಲೆಗೆ ದುಡ್ಡು ಎಲ್ಲಿಂದ? ಮನೆ ಮಾಲೀಕರು ಒಪ್ಪಿದ್ದಾರೆಯೇ? ಉತ್ತರ ಇಲ್ಲದಿದ್ದರೆ ಸದ್ಯಕ್ಕೆ ಬೇಡ. ಊರಿಗೆ ಹೋಗುವ ಗೆಳೆಯರ ನಾಯಿಯನ್ನು ನಾಲ್ಕು ದಿನ ನೋಡಿಕೊಳ್ಳಬಹುದು. ಬೀದಿನಾಯಿಗಳಿಗೆ ರೇಬೀಸ್ ಲಸಿಕೆ ಹಾಕಿಸುವ ಶಿಬಿರ ನಡೆದರೆ ಹೋಗಿ ಕೈಜೋಡಿಸಬಹುದು. ಪ್ರೀತಿ ತೋರಿಸಲು ಮಾಲೀಕರೇ ಆಗಬೇಕೆಂದಿಲ್ಲ.

ನಾಳೆ ಕೆಲಸ ಸಿಕ್ಕಿ ಹೊಸ ಊರಿನಲ್ಲಿ ಬಾಡಿಗೆ ಮನೆ ಹುಡುಕುತ್ತೀರಿ ಎಂದಿಟ್ಟುಕೊಳ್ಳಿ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂದು ಕೇಳುವ ಮೊದಲು ‘ನನ್ನ ಜೊತೆ ಒಂದು ನಾಯಿ ಇದೆ, ಆಗಬಹುದಾ?’ ಎಂದು ಕೇಳುವ, ಆಗದು ಎಂದರೆ ಮುಂದಿನ ಮನೆಯ ಬಾಗಿಲು ತಟ್ಟುವ ತಾಳ್ಮೆ ನಿಮಗಿದ್ದರೆ ಧಾರಾಳವಾಗಿ ಸಾಕಿ.