ಬಿಚ್ಚಿದವನ ಹೊಣೆ

ಹಳೆಯ ಯಂತ್ರವನ್ನು ಮಾರುವವನು ಅದರ ಒಳಗಿನ ಜೋಡಣೆಯ ಕ್ರಮವನ್ನೂ ಕೊಳ್ಳುವವನಿಗೆ ಒಪ್ಪಿಸಬೇಕೆಂಬುದು ನನ್ನ ಅಭಿಪ್ರಾಯ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ನಾನು ಅಗ್ಗಕ್ಕೆ ಕೊಂಡ ಕಲ್ಲಿದ್ದಲಿನ ಒಲೆಯೊಂದು ಈ ಪಾಠವನ್ನು ಕಲಿಸಿತು. ಒಲೆ ಒಂದು ಕಡೆ, ಅದರ ಕರುಳೆಲ್ಲ ಬಕೀಟಿನಲ್ಲಿ! ಉರಿ ತಡೆಯುವ ಇಟ್ಟಿಗೆಗಳು, ಬೂದಿ ಉದುರಿಸುವ ಜಾಲರಿ, ಹೊಗೆಯನ್ನು ತಿರುಗಿಸುವ ಫಲಕ. ಯಾವುದು ಎಲ್ಲಿಗೆಂದು ಹೇಳುವವರಿಲ್ಲ.

ಆ ಸೀಮೆಯ ಆಂಥ್ರಸೈಟ್ ಬಹು ಗಟ್ಟಿಯಾದ ಕಲ್ಲಿದ್ದಲು. ಜಾಲರಿಯ ಕೆಳಗಿನಿಂದ ಗಾಳಿಯು ಕೆಂಡದ ನಡುವೆ ಹಾಯ್ದು ಏರಿದರೆ ಮಾತ್ರ ಅದು ಚೆನ್ನಾಗಿ ಉರಿಯುವುದು. ನಾನು ಇಟ್ಟಿಗೆಯೊಂದನ್ನು ತಲೆಕೆಳಗಾಗಿ ಕೂರಿಸಿದ್ದೆ. ಬೆರಳಗಲದ ಸಂದಿನಲ್ಲಿ ಗಾಳಿ ನುಸುಳಿಹೋಗಿ ಮೊದಲ ರಾತ್ರಿ ಬೆಂಕಿ ನಂದಿತು. ಎರಡನೆಯ ರಾತ್ರಿ ಫಲಕ ಹಿಂದಕ್ಕೆ ಸರಿದು ಹೊಗೆದಾರಿಯನ್ನು ಮುಚ್ಚಿತು. ಗೋಡೆಯ ಮೇಲಿನ ಎಚ್ಚರಿಕೆಯ ಗಂಟೆ ಕೂಗಿಕೊಂಡದ್ದರಿಂದ ನಾವು ಎದ್ದೆವು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲಬಲ್ಲುದು.

ಮರುದಿನ ಒಲೆ ತಣಿದ ಮೇಲೆ ಎಲ್ಲವನ್ನೂ ಹೊರತೆಗೆದು ನೋಡಿದೆ. ಇಟ್ಟಿಗೆಗಳ ಒಂದು ಮೈ ಬೆಂದು ಕಪ್ಪೇರಿತ್ತು. ಕಬ್ಬಿಣಕ್ಕೆ ಒರಗಿದ್ದ ಮೈಗೆ ತುಕ್ಕಿನ ಕಲೆ. ಆ ಗುರುತುಗಳನ್ನೇ ಓದಿ ಜೋಡಿಸಿದೆ. ಒಲೆಯನ್ನು ಬಲ್ಲವರೊಬ್ಬರನ್ನು ಕರೆದು ತೋರಿಸಿದ ಬಳಿಕವೇ ಮತ್ತೆ ಬೆಂಕಿಯಿಟ್ಟೆ.

ಬಿಚ್ಚಿದವನು ಸೀಮೆಸುಣ್ಣದಿಂದ ಒಂದೊಂದು ಅಂಕೆಯನ್ನು ಬರೆದಿಟ್ಟಿದ್ದರೆ ಸಾಕಾಗಿತ್ತು. ಹತ್ತು ನಿಮಿಷದ ಆ ಕೆಲಸದ ಮೇಲೆ ಇನ್ನೊಂದು ಮನೆಯ ನಿದ್ರೆ ನಿಂತಿದೆ.