ನೆಲದಡಿಯ ತೈಲ, ನೆಲದ ಮೇಲಣ ಕಾಡು

ಊರೊಟ್ಟಿನ ಕಾರ್ಯಕ್ಕೆ ಪಟ್ಟಿ ಎತ್ತುವುದನ್ನು ಕಾಣದ ಓದುಗರು ವಿರಳ. ಸಭೆಯಲ್ಲಿ ಎಲ್ಲರೂ ಉದಾರಿಗಳೇ. ಹೆಸರಿನ ಮುಂದೆ ಅಂಕಿ ಬರೆಸುವಾಗ ಇದ್ದ ಉತ್ಸಾಹವು, ಹಿರಿಯರು ಪಟ್ಟಿ ಹಿಡಿದು ಮನೆಯ ಬಾಗಿಲಿಗೆ ಬಂದಾಗ ಇರುವುದಿಲ್ಲ. ರಾಷ್ಟ್ರಗಳ ನಡುವೆಯೂ ಹೀಗೆಯೇ ನಡೆದ ಒಂದು ಪ್ರಸಂಗವನ್ನು ಈ ತಿಂಗಳು ಓದುಗರ ಮುಂದಿಡಬಯಸುತ್ತೇನೆ.

ದಕ್ಷಿಣ ಅಮೆರಿಕಾ ಖಂಡದ ಪಶ್ಚಿಮದಂಚಿನಲ್ಲಿ ಈಕ್ವೆಡಾರ್ ಎಂಬ ಪುಟ್ಟ ದೇಶವಿದೆ. ಅದರ ಪೂರ್ವಭಾಗವು ಅಮೆಜಾನ್ ಮಹಾರಣ್ಯಕ್ಕೆ ಸೇರಿದುದು. ಅಲ್ಲಿನ ಯಾಸುನಿ ರಾಷ್ಟ್ರೀಯ ಉದ್ಯಾನವು ಸುಮಾರು ಹತ್ತು ಸಾವಿರ ಚದರ ಕಿಲೋಮೀಟರು ವಿಸ್ತಾರವುಳ್ಳದ್ದು. ಒಂದೇ ಹೆಕ್ಟೇರಿನಲ್ಲಿ, ಅಂದರೆ ನಮ್ಮ ಎರಡೂವರೆ ಎಕರೆಯಷ್ಟು ನೆಲದಲ್ಲಿ, 600ಕ್ಕೂ ಮಿಕ್ಕಿದ ಜಾತಿಯ ಮರಗಳನ್ನು ಸಸ್ಯಶಾಸ್ತ್ರಜ್ಞರು ಅಲ್ಲಿ ಎಣಿಸಿದ್ದಾರೆ. ಅದು ವಾವೊರಾನಿ ಎಂಬ ಮೂಲನಿವಾಸಿಗಳ ನೆಲೆ. ಅವರ ಬಳಗಕ್ಕೇ ಸೇರಿದ ತಾಗೇರಿ ಮತ್ತು ತಾರೊಮೆನಾನೆ ಎಂಬ ಗುಂಪುಗಳು ಹೊರಲೋಕದ ಸಂಪರ್ಕವನ್ನು ತಾವಾಗಿಯೇ ತೊರೆದು ಇಂದಿಗೂ ಅಲ್ಲಿ ಬಾಳುತ್ತಿವೆ.

ಈ ಕಾಡಿನ ಒಂದು ಮೂಲೆಯ ನೆಲದಡಿಯಲ್ಲಿ ಸುಮಾರು 85 ಕೋಟಿ ಪೀಪಾಯಿ ಕಚ್ಚಾ ತೈಲವಿದೆಯೆಂದು ಅಂದಾಜಾಯಿತು. 2007ರಲ್ಲಿ ಆ ದೇಶದ ಅಧ್ಯಕ್ಷರಾಗಿದ್ದ ರಫೆಲ್ ಕೊರಿಯಾ ಅವರು ಅಪೂರ್ವವಾದ ಪ್ರಸ್ತಾವವೊಂದನ್ನು ವಿಶ್ವಸಂಸ್ಥೆಯ ಮುಂದಿಟ್ಟರು. ಈ ತೈಲವನ್ನು ನಾವು ಎತ್ತುವುದಿಲ್ಲ. ಅದರಿಂದ ಕಾಡು ಉಳಿಯುತ್ತದೆ, 40 ಕೋಟಿ ಟನ್ನಿಗೂ ಮೀರಿದ ಇಂಗಾಲದ ಡೈಆಕ್ಸೈಡ್ ವಾಯುಮಂಡಲವನ್ನು ಸೇರದೆ ನಿಲ್ಲುತ್ತದೆ. ಲಾಭವು ಎಲ್ಲ ದೇಶಗಳದು, ನಷ್ಟ ಮಾತ್ರ ನಮ್ಮದು. ಆದುದರಿಂದ ತೈಲದಿಂದ ಬರಬಹುದಾದ ಆದಾಯದ ಅರ್ಧವನ್ನು, ಎಂದರೆ 360 ಕೋಟಿ ಡಾಲರನ್ನು, ಹದಿಮೂರು ವರ್ಷಗಳಲ್ಲಿ ಎಲ್ಲರೂ ಕೂಡಿ ತುಂಬಿಕೊಡಬೇಕು. ಉಳಿದರ್ಧವನ್ನು ನಾವೇ ಬಿಟ್ಟುಕೊಡುತ್ತೇವೆ. ಪ್ರಸ್ತಾವದ ಸಾರ ಇಷ್ಟು.

ಕೇಳಿಕೆ ನ್ಯಾಯವಾದುದೆಂದೇ ನನ್ನ ಭಾವನೆ. ವಾಯುಮಂಡಲಕ್ಕೆ ಹೆಚ್ಚಿನ ಹೊಗೆಯನ್ನು ತುಂಬಿದವರು ಮೊದಲು ಸಿರಿವಂತರಾದ ದೇಶಗಳವರು. ಹೊಣೆ ಎಲ್ಲರದಾದರೂ ಒಬ್ಬೊಬ್ಬರ ಪಾಲು ಬೇರೆ ಬೇರೆ ಎಂಬ ತತ್ತ್ವವನ್ನು 1992ರ ಹವಾಮಾನ ಒಡಂಬಡಿಕೆಯಲ್ಲಿ ಅವರೇ ಒಪ್ಪಿದ್ದಾರೆ. ಕಾಗದದ ಮೇಲೆ ಒಪ್ಪುವುದು ಕಷ್ಟವಲ್ಲ.

2010ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಆಶ್ರಯದಲ್ಲಿ ನಿಧಿ ಸ್ಥಾಪಿತವಾಯಿತು. ಮೊದಲು ಜರ್ಮನಿಯ ಸಂಸತ್ತು ಒಲವು ತೋರಿತ್ತು. ಅದೇ ವರ್ಷ ಅಲ್ಲಿನ ಸಚಿವರು, ಮಾಡದಿರುವ ಕೆಲಸಕ್ಕೆ ಹಣ ಕೊಡುವುದು ಕೆಟ್ಟ ಮೇಲ್ಪಂಕ್ತಿಯಾದೀತೆಂದು ಹಿಂದೆ ಸರಿದರು. ಸಂಶಯಕ್ಕೆ ಎಡೆಯೇ ಇರಲಿಲ್ಲವೆಂದು ಹೇಳಲಾರೆ. ಕಾಡಿನ ಕಾವಲಿಗೆ ಕೈಯೊಡ್ಡಿದ್ದ ಸರ್ಕಾರವು, ಹಣ ಬಾರದಿದ್ದರೆ ಬಾವಿ ಕೊರೆಯುವ ಆಲೋಚನೆಯನ್ನೂ ಬಿಟ್ಟಿರಲಿಲ್ಲ. 2013ರ ಆಗಸ್ಟ್ ವೇಳೆಗೆ ನಿಧಿಯ ಕೈಸೇರಿದ್ದು ಸುಮಾರು 1.3 ಕೋಟಿ ಡಾಲರು. ಬೇಡಿದುದರ ಶೇಕಡಾ ಅರ್ಧದಷ್ಟೂ ಅಲ್ಲ! ಜಗತ್ತು ನಮ್ಮ ಕೈಬಿಟ್ಟಿತೆಂದು ಹೇಳಿ ಕೊರಿಯಾ ಯೋಜನೆಯನ್ನು ರದ್ದುಗೊಳಿಸಿದರು. 2016ರಲ್ಲಿ ತೈಲ ಹರಿಯತೊಡಗಿತು.

ಆದರೆ ಆ ದೇಶದ ತರುಣರು ಸುಮ್ಮನಾಗಲಿಲ್ಲ. ಜನಮತ ಕೇಳಬೇಕೆಂದು ಊರೂರು ತಿರುಗಿ ಸಹಿ ಸಂಗ್ರಹಿಸಿದರು. 2014ರಲ್ಲಿ ಚುನಾವಣಾ ಮಂಡಳಿಯು ಬಹಳಷ್ಟು ಸಹಿಗಳನ್ನು ತಳ್ಳಿಹಾಕಿದಾಗ ನ್ಯಾಯಾಲಯಗಳ ಮೆಟ್ಟಿಲೇರಿದರು. ಕೊನೆಗೆ 2023ರ ಆಗಸ್ಟ್ 20ರಂದು ಮತದಾನ ನಡೆದು, ಶೇಕಡಾ 59ರಷ್ಟು ಮತಗಳು ತೈಲವು ನೆಲದಲ್ಲಿಯೇ ಇರಲಿ ಎಂಬುದಕ್ಕೆ ಬಿದ್ದವು. ಈ ಸಲ ಯಾವ ನಿಧಿಯ ಆಸರೆಯೂ ಇರಲಿಲ್ಲ. ಶ್ರೀಮಂತ ದೇಶಗಳು ಕೂಡಿ ಹೊರಲಾರದ ಭಾರವನ್ನು ಆ ಬಡ ದೇಶದ ಮತದಾರರು ಒಬ್ಬರೇ ಹೊತ್ತರು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಆ ತೈಲಕ್ಷೇತ್ರವಿರುವ ಒರೆಯಾನಾ ಪ್ರಾಂತ್ಯದಲ್ಲಿಯೇ ತೈಲ ತೆಗೆಯುವುದು ಮುಂದುವರಿಯಲಿ ಎಂದವರು ಹೆಚ್ಚು. ಅವರನ್ನು ದೂರುವಂತಿಲ್ಲ, ಅಲ್ಲಿ ಎಷ್ಟೋ ಮನೆಗಳ ಅನ್ನ ತೈಲವನ್ನೇ ನೆಚ್ಚಿದೆ. 360 ಕೋಟಿಯಲ್ಲಿ ಒಂದು ಪಾಲಾದರೂ ಬಂದಿದ್ದರೆ ಆ ಮನೆಗಳಿಗೆ ಬೇರೆ ದುಡಿಮೆ ಸಿಕ್ಕೀತೇನೋ.

ತೈಲ ತೆಗೆಯುವುದನ್ನು ನಿಲ್ಲಿಸಲು ಸಂವಿಧಾನ ನ್ಯಾಯಾಲಯವು ಒಂದು ವರ್ಷದ ಗಡುವು ಕೊಟ್ಟಿತ್ತು. 2024ರ ಆಗಸ್ಟಿನಲ್ಲಿ ಮೊದಲ ಬಾವಿಯನ್ನು ಮುಚ್ಚಲಾಯಿತು. ಇನ್ನೂರಕ್ಕೂ ಹೆಚ್ಚಿನ ಬಾವಿಗಳು ಆಗ ಉಳಿದಿದ್ದವು. ಅವನ್ನು ಮುಚ್ಚಲು ಸರ್ಕಾರ 2029ರವರೆಗೆ ಕಾಲಾವಕಾಶ ಬೇಕೆಂದಿತು.